ಸೆಲ್ಮಾದ ಅಡುಗೆಯವನ ಮಗಳು

ಹನ್ನೊಂದನೆಯ ಸಲವೂ ವರ್ಲೀನ್ ಗ್ಯಾಡಿಸ್ ತಾನೇ ಹೊರಡಬೇಕಾಯಿತು. ಈ ವರ್ಷ ಬೇರೆ ಯಾರಾದರೂ ಮಕ್ಕಳನ್ನು ಕರೆದುಕೊಂಡು ಹೋಗಲಿ, ನನ್ನ ಮಂಡಿ ಕೈಕೊಟ್ಟಿದೆ ಎಂದು ಜನವರಿಯಲ್ಲೇ ಹೇಳಿ ನೋಡಿದ್ದಳು. ಡೇಟನ್ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರ ಸೇರುವ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀವಿಲ್ದೆ ಹೆಂಗೆ ಮಿಸ್ ವರ್ಲೀನ್? ನೀವು ಸೆಲ್ಮಾದಲ್ಲೇ ಹುಟ್ಟಿದೋರು. ನಿಮ್ಮಪ್ಪ ಆ ಸೇತುವೆ ಮೇಲೆ ಏಟು ತಿಂದೋರು. ನಾವು ಹೋಗಿ ಮಕ್ಕಳಿಗೆ ಏನು ಹೇಳೋಣ?"

ಆ ಮಾತಿಗೆ ಅವಳ ಹತ್ತಿರ ಇದ್ದ ಉತ್ತರವನ್ನು ಹೇಳುವ ಹಾಗಿರಲಿಲ್ಲ.

ಅವರದು ಸಣ್ಣ ಸಂಘ. ಅಪ್ಪ ಇಲ್ಲದ, ಅಮ್ಮ ಎರಡೆರಡು ಕಡೆ ದುಡಿಯುವ, ಇಲ್ಲವೇ ಸುಮ್ಮನೆ ದಾರಿ ತೋಚದೆ ನಿಂತ ಹದಿಹರೆಯದ ಮಕ್ಕಳಿಗೆ ಒಬ್ಬೊಬ್ಬ ಹಿರಿಯರನ್ನು ಜೊತೆ ಹಾಕುತ್ತಿದ್ದರು. ಲೆಕ್ಕ ಹೇಳಿಕೊಡುವುದು, ಶಾಲೆಯಿಂದ ಕರೆ ಬಂದರೆ ಹೋಗಿ ಮಾತಾಡುವುದು, ಕೆಲಸದ ಅರ್ಜಿ ತುಂಬಿಸುವುದು, ಇಂಥವೇ ಕೆಲಸ. ವರ್ಷಕ್ಕೊಮ್ಮೆ ವಸಂತದ ರಜೆಯಲ್ಲಿ ಹದಿನಾಲ್ಕು ಮಕ್ಕಳನ್ನು ಬಸ್ಸಿನಲ್ಲಿ ಅಲಬಾಮಾಕ್ಕೆ ಕರೆದೊಯ್ದು, ನಮ್ಮ ಜನ ಎಲ್ಲಿ ಎದ್ದು ನಿಂತರು, ಎಲ್ಲಿ ಬಿದ್ದರು ಎಂದು ತೋರಿಸಿಕೊಂಡು ಬರುತ್ತಿದ್ದರು. ವರ್ಲೀನಳಿಗೆ ಅರವತ್ತೆರಡು. ಡೇಟನ್ನಿನ ಸಿಟಿ ಬಸ್ಸನ್ನು ಇಪ್ಪತ್ತೆಂಟು ವರ್ಷ ಓಡಿಸಿ ನಿವೃತ್ತಳಾದವಳು. ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೂರುವುದೇ ಅವಳಿಗೆ ಒಂದು ಶಿಕ್ಷೆ.

ಮೊದಲ ದಿನ ಬರ್ಮಿಂಗ್‌ಹ್ಯಾಮ್ ಮುಗಿಯಿತು. ಎರಡನೆಯ ದಿನ ಬೆಳಿಗ್ಗೆ ಬಸ್ಸು ಸೆಲ್ಮಾದ ಕಡೆ ಹೊರಟಾಗ ಅರ್ಧ ಮಕ್ಕಳು ಬಾಯಿ ತೆರೆದು ನಿದ್ದೆ ಹೋಗಿದ್ದರು. ಉಳಿದರ್ಧ ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದರು. ವರ್ಲೀನ್ ಮುಂದಿನ ಸೀಟಿನಲ್ಲಿ ಎಡ ಮಂಡಿ ನೀವಿಕೊಳ್ಳುತ್ತಾ ರಸ್ತೆ ನೋಡುತ್ತಿದ್ದಳು. ಬಸ್ಸು ಓಡಿಸುತ್ತಿದ್ದವನು ಹೋಬಾರ್ಟ್ ಸ್ಟೈಲ್ಸ್. ಹಿಂದೆ ಅಂಚೆ ಹಂಚುತ್ತಿದ್ದವನು, ಈಗ ಅದೇ ಚರ್ಚಿನ ಹಿರಿಯ. ಹನ್ನೊಂದು ವರ್ಷದಿಂದ ಪ್ರತಿ ಪ್ರವಾಸಕ್ಕೂ ಅವನೇ ಚಾಲಕ.

"ಕಾಲು ಯಾಕೆ ನೆಲಕ್ಕೆ ಒತ್ತುತಾ ಇದ್ದೀಯ? ಬ್ರೇಕ್ ಅಲ್ಲಿಲ್ಲ, ನನ್ನ ಹತ್ರ ಇದೆ," ಎಂದ ಅವನು.

"ಅದಕ್ಕೇ ಭಯ."

ಅವನು ನಕ್ಕ. ಅವಳಿಗೆ ನಗುವಷ್ಟೂ ಶಕ್ತಿ ಇರಲಿಲ್ಲ.

ಹಿಂದಿನ ಸೀಟಿನಿಂದ ಜನೀಯಾ ಬಗ್ಗಿ ಬಂದಳು. ಹದಿನಾರರ ಹುಡುಗಿ, ವರ್ಲೀನಳ ಪಾಲಿಗೆ ಬಂದವಳು. ಎರಡು ವರ್ಷದಿಂದ ಪ್ರತಿ ಶನಿವಾರ ಇಬ್ಬರೂ ಒಂದೇ ಮೇಜು. ಇವಳ ಅಕ್ಕ ಶನೀಸ್ ಕೂಡ ಆರು ವರ್ಷದ ಹಿಂದೆ ಇದೇ ಪ್ರವಾಸಕ್ಕೆ ಬಂದಿದ್ದಳು. ವರ್ಲೀನಳ ಅಪ್ಪನ ಮೇಲೆ ಪ್ರಬಂಧ ಬರೆದು ಕಾಲೇಜಿನಲ್ಲಿ ಸೀಟು ಪಡೆದಿದ್ದಳು.

"ಮಿಸ್ ವರ್ಲೀನ್, ಅಕ್ಕ ಬರ್ದಿದ್ದನ್ನ ನಾನು ಹತ್ತು ಸಲ ಓದಿದೀನಿ. ನಿಮ್ಮಪ್ಪ ನಾಲ್ಕನೇ ಸಾಲಲ್ಲಿದ್ರು, ಅಂಗಿ ಪೂರ್ತಿ ರಕ್ತ ಆಗಿತ್ತು. ಅಲ್ವಾ? ಇವತ್ತು ಫೋಟೋಗಳಲ್ಲಿ ಅವ್ರನ್ನ ಹುಡುಕ್ತೀನಿ. ನೋಡೋಕೆ ಹೆಂಗಿದ್ರು?"

"ಎತ್ತರ," ಎಂದಳು ವರ್ಲೀನ್. ಆಮೇಲೆ, "ಸ್ವಲ್ಪ ಮಲಗು ಹೋಗು. ಬಿಸಿಲಲ್ಲಿ ನಡೆಯೋದಿದೆ," ಎಂದು ಕಣ್ಣು ಮುಚ್ಚಿಕೊಂಡಳು.

ಸೆಲ್ಮಾದಲ್ಲಿ ಮೊದಲು ನೋಡುವುದು ಇಟ್ಟಿಗೆಯ ಚರ್ಚು. ಸಾವಿರದ ಒಂಬೈನೂರ ಅರವತ್ತೈದರ ಮಾರ್ಚಿನ ಒಂದು ಭಾನುವಾರ ಓಟಿನ ಹಕ್ಕು ಕೇಳಿ ಹೊರಟು, ಸೇತುವೆಯ ಹತ್ತಿರ ಬಿಳಿಯ ಪೊಲೀಸರಿಂದ ಏಟು ತಿಂದ ಕಪ್ಪು ಜನ ಕೂಡಿದ್ದ ಚರ್ಚುಗಳಲ್ಲಿ ಅದೂ ಒಂದು. ಅಲ್ಲಿಂದ ಸೇತುವೆಗೆ ನಡೆದು ಹೋಗುವುದು ವಾಡಿಕೆ. ಆದರೆ ಹತ್ತು ವರ್ಷದಲ್ಲಿ ಒಮ್ಮೆಯೂ ವರ್ಲೀನ್ ಆ ಚರ್ಚಿನೊಳಗೆ ಕಾಲಿಟ್ಟವಳಲ್ಲ. ಮಧ್ಯಾಹ್ನದ ಊಟದ ಏರ್ಪಾಡು ನೋಡಬೇಕು ಎಂದೋ, ಮೆಟ್ಟಿಲು ಹತ್ತಲಾರೆ ಎಂದೋ ಹೇಳಿ ಮಕ್ಕಳನ್ನು ಹೋಬಾರ್ಟನ ಜೊತೆ ಒಳಗೆ ಕಳಿಸಿ ತಾನು ಬಸ್ಸಿನಲ್ಲೇ ಉಳಿಯುತ್ತಿದ್ದಳು. ಈ ಸಲ ಅದು ನಡೆಯಲಿಲ್ಲ. ಬಸ್ಸು ನಿಲ್ಲುವ ಹೊತ್ತಿಗೆ ಮಾರ್ಕೆಲ್ ಎಂಬ ಹುಡುಗ ಬೆಳಿಗ್ಗೆ ತಿಂದದ್ದನ್ನೆಲ್ಲ ತನ್ನ ಬೂಟಿನ ಮೇಲೂ ಮುಂದಿನ ಸೀಟಿನ ಬೆನ್ನಿಗೂ ಕಕ್ಕಿಬಿಟ್ಟ.

"ಆರು ಪ್ಯಾನ್‌ಕೇಕ್ ತಿಂದ ಸಾರ್ ಇವ್ನು, ಸಕ್ಕರೆ ಪಾಕ ಹುಯ್ಕೊಂಡು! ನಾನು ಎಣಿಸ್ದೆ," ಎಂದು ಪಕ್ಕದ ಹುಡುಗ ದೂರು ಹೇಳಿದ.

"ಎಣಿಸೋ ಬದ್ಲು ತಡೀಬೇಕಿತ್ತು," ಎಂದು ಹೋಬಾರ್ಟ್ ಬಕೆಟ್ಟು ಎತ್ತಿಕೊಂಡ. "ನಾನು ಇದನ್ನ ತೊಳೀತೀನಿ. ವರ್ಲೀನ್, ಇವರನ್ನ ಒಳಗೆ ನೀನೇ ಕರ್ಕೊಂಡು ಹೋಗು."

ಅವಳಿಗೆ ಯಾವ ನೆಪವೂ ಸಿಗಲಿಲ್ಲ. ಹದಿಮೂರು ಮಕ್ಕಳನ್ನು ಎಣಿಸಿಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿದಳು.

ಒಳಗೆ ಚರ್ಚನ್ನು ತೋರಿಸುತ್ತಿದ್ದವಳು ಒಡೆಸಾ ಪ್ಯೂರಿಫಾಯ್ ಎಂಬ ಮುದುಕಿ. ಎಂಬತ್ತು ದಾಟಿದವಳು. ಕುರ್ಚಿಯಿಂದ ಏಳದೆ, ಊರುಗೋಲಿನಿಂದಲೇ ಗೋಡೆಯ ಫೋಟೋಗಳನ್ನು ತೋರಿಸುತ್ತಿದ್ದಳು. ವರ್ಲೀನ್ ಕೊನೆಯ ಬೆಂಚಿನಲ್ಲಿ, ಕಂಬದ ಮರೆಗೆ ಕುಳಿತಳು. ಮುದುಕಿ ಹೇಳುವುದನ್ನೆಲ್ಲ ಹೇಳಿದ ಮೇಲೆ ಒಬ್ಬ ಹುಡುಗಿ ಕೈ ಎತ್ತಿದಳು.

"ನೀವೂ ನಡೆದ್ರಾ ಅಜ್ಜಿ ಆವತ್ತು?"

"ಇಲ್ಲ ಕಣಮ್ಮ. ಮೂರು ವಾರದ ಕೂಸಿತ್ತು ನಂಗೆ. ಕಿಟಕಿ ಹತ್ರ ನಿಂತಿದ್ದೆ."

"ಅಷ್ಟೇನಾ?"

"ಅಷ್ಟೇ. ಮೂವತ್ತು ವರ್ಷದಿಂದ ಇಲ್ಲಿ ಕೂತಿದೀನಿ, ಬಂದೋರೆಲ್ಲ ಇದನ್ನೇ ಕೇಳ್ತಾರೆ. ಕಿಟಕಿ ಅಂದ ತಕ್ಷಣ ನಿನ್ನ ಥರಾನೇ ಮುಖ ಸಪ್ಪಗೆ ಮಾಡ್ಕೋತಾರೆ. ಏನು ಮಾಡ್ಲಿ? ನಾನಿದ್ದದ್ದು ಕಿಟಕಿ ಹತ್ರಾನೇ."

ಮಕ್ಕಳು ನಕ್ಕರು. ಮುದುಕಿಯೂ ನಕ್ಕಳು. ಕಂಬದ ಮರೆಯಲ್ಲಿ ವರ್ಲೀನಳ ಮುಖ ಬಿಸಿಯಾಯಿತು.

ಮಕ್ಕಳು ಹೊರಗೆ ಹೊರಟಾಗ ಅವಳೂ ಎದ್ದಳು. ಮಂಡಿ ಜೋಮು ಹಿಡಿದಿತ್ತು, ಬೆಂಚು ಹಿಡಿದು ಒಂದು ಗಳಿಗೆ ನಿಲ್ಲಬೇಕಾಯಿತು. ಅಷ್ಟರಲ್ಲಿ ಮುದುಕಿಯ ಕಣ್ಣು ಅವಳ ಮೇಲೆ ಬಿತ್ತು.

"ಏಯ್, ಇರು. ಈ ಕಡೆ ತಿರುಗು. ನೀನು ಅಡುಗೆ ಲೂಥರನ ಮಗಳಲ್ವೇನೆ?"

ಜನೀಯಾ ಇನ್ನೂ ಒಳಗೇ ಇದ್ದಳು. ಗೋಡೆಯ ಫೋಟೋಗಳಲ್ಲಿ ಒಂದೊಂದೇ ಮುಖ ಹುಡುಕುತ್ತಿದ್ದವಳು ತಿರುಗಿ ನೋಡಿದಳು.

"ಹೌದು," ಎಂದಳು ವರ್ಲೀನ್. ಬೇರೇನು ಹೇಳಿಯಾಳು?

"ಅದೇ ಹುಬ್ಬು, ಅದೇ ಗದ್ದ. ಪೇಟೆಯ ಆ ಬಿಳಿಯರ ಹೋಟೆಲ್ನಲ್ಲಿ ಅವನು ಮಾಡ್ತಿದ್ದ ಕೋಳಿ ರುಚಿ ಇನ್ನೂ ನಾಲಿಗೆ ಮೇಲಿದೆ ಕಣೆ. ನಾವು ಒಳಗೆ ಕೂತು ತಿನ್ನೋ ಹಾಗಿರ್ಲಿಲ್ಲ, ಹಿತ್ತಲ ಬಾಗಿಲಲ್ಲಿ ಕಟ್ಟಿಕೊಡ್ತಿದ್ದ." ಮುದುಕಿ ಊರುಗೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡಳು. "ಆ ಭಾನುವಾರ ಕುದುರೆ ಮೇಲಿದ್ದ ಪೊಲೀಸ್ರಿಗೆಲ್ಲ ಬುತ್ತಿ ಮಾಡಿಕೊಟ್ಟ ಅಂತ ನನ್ನ ಗಂಡ ಅವನ ಹತ್ರ ಎರಡು ವರ್ಷ ಮಾತು ಬಿಟ್ಟಿದ್ದ. ಊರೇ ಬಿಟ್ಟಿತ್ತು ಅನ್ನು. ಆಮೇಲೆ ನಮ್ಮತ್ತೆ ತೀರಿಕೊಂಡಾಗ ದೊಡ್ಡ ಪಾತ್ರೆ ತುಂಬ ಸೊಪ್ಪು ಬೇಯಿಸಿ, ಕೋಳಿ ಹುರಿದು ತಗೊಂಡು ಬಂದ. ನನ್ನ ಗಂಡ ತಿಂದ. ತಿಂದ ಮೇಲೆ ಇನ್ನೇನು, ಮಾತಾಡಿದ. ಅಷ್ಟೊತ್ತಿಗೆ ನೀವೇ ಊರು ಬಿಟ್ಟು ಹೊರಟ್ರಿ. ಇದ್ದಾನಾ ಲೂಥರ?"

"ಇಲ್ಲ. ಹೋಗಿ ಇಪ್ಪತ್ತು ವರ್ಷ ಆಯ್ತು."

"ಹೋಗ್ಲಿ ಬಿಡು. ಹೊಟ್ಟೆಪಾಡು. ಅವನೊಬ್ಬನೇನಾ ಅಂಥೋನು?"

ವರ್ಲೀನ್ ತಿರುಗುವ ಹೊತ್ತಿಗೆ ಜನೀಯಾ ಅಲ್ಲಿರಲಿಲ್ಲ. ಚರ್ಚಿನ ಬಾಗಿಲು ಇನ್ನೂ ಅಲ್ಲಾಡುತ್ತಿತ್ತು.

ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಆ ಭಾನುವಾರ ಅವಳಿಗೆ ಒಂಬತ್ತು ವರ್ಷ. ಸಂಜೆ ಅಪ್ಪ ಮನೆಗೆ ಬಂದಾಗ ಅವನ ಮೈಯಿಂದ ಯಾವತ್ತಿನ ಹಾಗೆ ಕರಿದ ಎಣ್ಣೆಯ ವಾಸನೆ ಬರುತ್ತಿತ್ತು. ಬೀದಿಯಲ್ಲಿ ಅಶ್ರುವಾಯುವಿನ ಘಾಟು. ಪಕ್ಕದ ಮನೆಯಲ್ಲಿ ಯಾರದೋ ತಲೆಗೆ ಬಟ್ಟೆ ಕಟ್ಟುತ್ತಿದ್ದರು. ಅಮ್ಮ ಅಲ್ಲಿಗೆ ಬಿಸಿನೀರು ಹೊತ್ತು ಹೋಗಿ ಬಂದವಳು ಗಂಡನಿಗೆ ಬೆನ್ನು ಹಾಕಿ ನಿಂತಳು. ಅಪ್ಪ ಮೇಜಿನ ಮುಂದೆ ಕೂತು ತನ್ನ ಎರಡೂ ಅಂಗೈ ನೋಡಿಕೊಂಡ. "ಇಪ್ಪತ್ತೆರಡು ಕೋಳಿ," ಎಂದ. ಆಮೇಲೆ, "ಯಾರಿಗೆ ಅಂತ ನಂಗೆ ಗೊತ್ತಿರ್ಲಿಲ್ಲ," ಎಂದ. ಅಮ್ಮ ತಿರುಗಲಿಲ್ಲ. ಬಹಳ ಹೊತ್ತಿನ ಮೇಲೆ ಅವನೇ, "ಗೊತ್ತಿತ್ತು," ಎಂದ.

ಆಮೇಲೆ ಚರ್ಚಿನಲ್ಲಿ ಅವರು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಎರಡು ವರ್ಷ ಹಾಗೇ ಸವೆಸಿ, ಚಿಕ್ಕಪ್ಪ ಇದ್ದ ಡೇಟನ್ನಿಗೆ ಹೊರಟುಬಿಟ್ಟರು. ಬಿಳಿಯರ ಬೆದರಿಕೆಗೆ ಅಂಜಿ ಊರು ಬಿಟ್ಟೆವು ಎಂದು ವರ್ಲೀನ್ ಮಕ್ಕಳಿಗೆ ಹೇಳುತ್ತಿದ್ದಳು. ಅದೂ ಸುಳ್ಳು.

ಸುಳ್ಳು ಹುಟ್ಟಿದ್ದು ಮೊದಲನೆಯ ಪ್ರವಾಸದಲ್ಲಿ. ಸೇತುವೆಯ ಬುಡದಲ್ಲಿ ಒಬ್ಬ ಹುಡುಗ, ತಂದೆ ಜೈಲಿನಲ್ಲಿದ್ದವನು, "ನಿಮ್ಮಪ್ಪ ಬಂದಿದ್ರಾ ಇಲ್ಲಿಗೆ?" ಎಂದು ಕೇಳಿದ್ದ. ಹೂಂ ಎನ್ನಲಿ ಎಂದು ಅವನ ಮುಖ ಕಾಯುತ್ತಿತ್ತು. ಅವಳು ಹೂಂ ಎಂದಳು. ಒಂದು ಹೂಂ ಸಾಕಾಗಲಿಲ್ಲ, ನಾಲ್ಕನೇ ಸಾಲು ಬೇಕಾಯಿತು. ಮರುವರ್ಷ ರಕ್ತದ ಅಂಗಿ ಬಂತು. ವರ್ಷ ವರ್ಷ ಅದನ್ನು ಹೊತ್ತು ಬಂದು ಇಲ್ಲಿ ಬಿಚ್ಚಿ, ಮತ್ತೆ ಕಟ್ಟಿಕೊಂಡು ಹೋಗಿ ಅವಳಿಗೆ ಸಾಕಾಗಿತ್ತು. ಬಸ್ಸಿನ ಪ್ರಯಾಣಕ್ಕಿಂತ, ಮಂಡಿ ನೋವಿಗಿಂತ ಅದೇ ಹೆಚ್ಚು ದಣಿಸಿತ್ತು.

ಸೇತುವೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮಕ್ಕಳನ್ನು ಇಬ್ಬಿಬ್ಬರ ಸಾಲು ಮಾಡಿ ಹೋಬಾರ್ಟ್ ಮುಂದೆ ನಿಂತ. ಮಾರ್ಕೆಲ್ ಬಿಳಿಚಿಕೊಂಡ ಮುಖದಲ್ಲಿ ನೀರಿನ ಬಾಟಲಿ ಹಿಡಿದು ಕೊನೆಯಲ್ಲಿದ್ದ. ಜನೀಯಾ ಯಾವ ಸಾಲಿನಲ್ಲೂ ಇರಲಿಲ್ಲ. ಕಂಬಿಗೆ ಒರಗಿ, ಕೈಕಟ್ಟಿ ನಿಂತಿದ್ದಳು.

"ಹೇಳಿ ಮಿಸ್ ವರ್ಲೀನ್," ಎಂದಳು ಎಲ್ಲರಿಗೂ ಕೇಳುವ ಹಾಗೆ. "ನಿಮ್ಮಪ್ಪನ ಕಥೆ ಹೇಳಿ. ನಾಲ್ಕನೇ ಸಾಲು. ಎಲ್ರೂ ಕಾಯ್ತಾ ಇದಾರೆ."

ಹೋಬಾರ್ಟ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಪ್ರತಿ ವರ್ಷ ಈ ಮಾತು ಕೇಳುವಾಗ ಅವನು ಹಾಗೇ ಮಾಡುತ್ತಿದ್ದ.

"ನಮ್ಮಪ್ಪ ಇಲ್ಲಿಗೆ ಬಂದಿರ್ಲಿಲ್ಲ," ಎಂದಳು ವರ್ಲೀನ್. "ನಾಲ್ಕನೇ ಸಾಲಲ್ಲೂ ಇರ್ಲಿಲ್ಲ, ನಲವತ್ತನೇ ಸಾಲಲ್ಲೂ ಇರ್ಲಿಲ್ಲ. ಅವನು ಪೇಟೆ ಹೋಟೆಲ್ನಲ್ಲಿ ಅಡುಗೆಯೋನು. ಆ ಭಾನುವಾರ ಬೆಳಿಗ್ಗೆ ಮಾಲೀಕ ಬಂದು ಇಪ್ಪತ್ತೆರಡು ಕೋಳಿ ಹುರಿ ಅಂದ. ಹುರಿದ. ಅದನ್ನ ತಿಂದೋರು ಕುದುರೆ ಹತ್ತಿ ಬಂದು ಇಲ್ಲಿ ನಮ್ಮ ಜನಾನ ಹೊಡೆದ್ರು. ಯಾರಿಗೆ ಹುರೀತಾ ಇದೀನಿ ಅಂತ ಅವನಿಗೆ ಗೊತ್ತಿತ್ತು. ಇಷ್ಟು ವರ್ಷ ನಾನು ಹೇಳ್ಕೊಂಡು ಬಂದಿದ್ದು ಸುಳ್ಳು."

ಮೇಲೆ ಸೇತುವೆಯ ಮೇಲೆ ಲಾರಿಗಳು ಹೋಗುತ್ತಿದ್ದವು. ಒಬ್ಬ ಹುಡುಗ ಕಿವಿಯಿಂದ ಹಾಡು ತೆಗೆದು, ಏನಂತೆ ಎಂದು ಪಕ್ಕದವನನ್ನು ಕೇಳಿದ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಛೀ, ಹಂಗಾದ್ರೆ ಅವ್ರ ಕಡೆಯೋನಾ?" ಎಂದಳು. "ಬಿಟ್ಟು ಓಡಿಹೋಗ್ಬೇಕಿತ್ತು," ಎಂದ ಇನ್ನೊಬ್ಬ. "ವಿಷ ಹಾಕ್ಬೇಕಿತ್ತು," ಎಂದ ಮತ್ತೊಬ್ಬ. ಅದಕ್ಕೆ ಇಬ್ಬರು ಮೂವರು ನಕ್ಕರು.

"ಹಾಕ್ಬಹುದಿತ್ತು," ಎಂದಳು ವರ್ಲೀನ್. "ಹಾಕ್ಲಿಲ್ಲ. ನಾವು ನಾಲ್ಕು ಜನ ಮಕ್ಕಳಿದ್ವಿ."

ಆಗ ಕೊನೆಯಿಂದ ಮಾರ್ಕೆಲ್ ಮಾತಾಡಿದ. ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ ಅವನು.

"ನಮ್ಮಮ್ಮ ಜೈಲಿನ ಅಡುಗೆಮನೇಲಿ ಕೆಲಸ ಮಾಡ್ತಾಳೆ. ಕಾವಲಿನವರ ಊಟ ಅವಳೇ ಮಾಡೋದು. ನಮ್ಮಣ್ಣ ಒಳಗಿರೋ ಜೈಲೇ ಅದು." ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೇಳಿದ, "ಅವಳಿಗೂ ಹಿಂಗೇ ಅಂತೀರಾ?"

ನಗುತ್ತಿದ್ದವರು ನಗು ನಿಲ್ಲಿಸಿದರು. ಹೋಬಾರ್ಟ್ ಟೋಪಿ ಮತ್ತೆ ತಲೆಗೆ ಹಾಕಿಕೊಂಡು, "ನಡೀರಿ, ಬಿಸಿಲು ಏರ್ತಾ ಇದೆ," ಎಂದಷ್ಟೇ ಹೇಳಿದ.

ಮಕ್ಕಳು ಸೇತುವೆ ಹತ್ತಿದರು. ಜನೀಯಾ ಎಲ್ಲರಿಗಿಂತ ಮುಂದೆ, ಹಿಂದಿರುಗಿ ನೋಡದೆ ನಡೆದಳು. ವರ್ಲೀನ್ ಎಲ್ಲರಿಗಿಂತ ಹಿಂದೆ. ನಡುಸೇತುವೆಯಲ್ಲಿ ಹೋಬಾರ್ಟ್ ಅವಳಿಗಾಗಿ ನಿಂತ. ಜೊತೆಗೆ ಹೆಜ್ಜೆ ಹಾಕಿದ, ಆದರೆ ತೋಳು ಕೊಡಲಿಲ್ಲ.

"ಹನ್ನೊಂದು ವರ್ಷ," ಎಂದ. "ನಿಮ್ಮಪ್ಪನ ಹೆಸರು ಹೇಳಿ ಚರ್ಚಲ್ಲಿ ಎಷ್ಟು ಸಲ ಪ್ರಾರ್ಥನೆ ಮಾಡಿದೀನಿ ಗೊತ್ತಾ ನಿಂಗೆ?"

"ಗೊತ್ತು."

"ಒಂದು ಸಲ ನನ್ನ ಹತ್ರ ಹೇಳ್ಬಹುದಿತ್ತು."

"ಪ್ರತಿ ವರ್ಷ ಹೇಳ್ಬೇಕು ಅನ್ಕೋತಿದ್ದೆ. ನೀನು ಟೋಪಿ ತೆಗೀತಿದ್ದೆ. ಬಾಯಿ ಬರ್ತಿರ್ಲಿಲ್ಲ."

ಇಬ್ಬರೂ ನಿಧಾನವಾಗಿ ಆ ಬದಿಗೆ ಇಳಿದರು.

ಮಾಂಟ್‌ಗೊಮೆರಿಯ ವಸತಿಗೃಹ ಸೇರಿದಾಗ ಇನ್ನೂ ಬೆಳಕಿತ್ತು. ಮಕ್ಕಳು ಪಿಜ್ಜಾ ಪೆಟ್ಟಿಗೆಗಳ ಸುತ್ತ ಕಿತ್ತಾಡುತ್ತಿದ್ದರು. ವರ್ಲೀನ್ ಬಾಗಿಲ ಹೊರಗಿನ ಕುರ್ಚಿಯಲ್ಲಿ ಬೂಟು ಬಿಚ್ಚಿ ಕೂತಿದ್ದಾಗ ಜನೀಯಾ ಬಂದು ಫೋನು ಮುಂದೆ ಹಿಡಿದಳು.

"ಅಕ್ಕ ಲೈನಲ್ಲಿದಾಳೆ. ನಾನು ಏನೂ ಹೇಳಿಲ್ಲ. ನೀವೇ ಹೇಳಿ."

ವರ್ಲೀನ್ ಹೇಳಿದಳು. ಸೇತುವೆಯ ಹತ್ತಿರ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು.

"ಆ ಪ್ರಬಂಧದಿಂದಲೇ ನಂಗೆ ಸೀಟು ಸಿಕ್ಕಿದ್ದು," ಎಂದಳು ಶನೀಸ್. "ಸಂದರ್ಶನದಲ್ಲಿ ಅದನ್ನ ಓದಿ ಒಬ್ಬರು ಅತ್ತಿದ್ರು. ನಾನೂ ಅತ್ತಿದ್ದೆ. ಈಗ ನಾನೂ ಸುಳ್ಳು ಹೇಳಿದ ಹಾಗೆ ತಾನೇ?"

"ನೀನಲ್ಲ ಮಗಳೇ. ನಾನು."

"ಹೆಸರು ನಂದಿದೆ ಅದರ ಮೇಲೆ." ಆ ಕಡೆ ಯಾರೋ ಅವಳನ್ನು ಕರೆದರು. "ನಾನು ಕೆಲಸಕ್ಕೆ ಹೊರಟಿದೀನಿ. ಇಡ್ತೀನಿ," ಎಂದು ಫೋನು ಇಟ್ಟುಬಿಟ್ಟಳು.

ಜನೀಯಾ ಫೋನು ಇಸಿದುಕೊಂಡು ಒಳಗೆ ಹೋದಳು. ಮರುದಿನ ಮಾಂಟ್‌ಗೊಮೆರಿಯಲ್ಲೂ, ಡೇಟನ್ನಿನವರೆಗಿನ ಅಷ್ಟೂ ದಾರಿಯಲ್ಲೂ ಅವಳು ಬಸ್ಸಿನ ಕೊನೆಯ ಸೀಟು ಬಿಟ್ಟು ಬರಲಿಲ್ಲ.

ಊರಿಗೆ ಬಂದ ವಾರವೇ ವರ್ಲೀನ್ ಸಂಘದ ಹಿರಿಯರ ಮುಂದೆ ಎಲ್ಲವನ್ನೂ ಹೇಳಿದಳು. ಕೆಲವರು ತಲೆತಗ್ಗಿಸಿದರು. ಒಬ್ಬಾಕೆ ಎದ್ದು, "ಯಾರಿಗೂ ಗೊತ್ತಿರ್ಲಿಲ್ವಲ್ಲ, ಹೇಳ್ದೇ ಇದ್ದಿದ್ರೆ ಏನು ಗಂಟು ಹೋಗ್ತಿತ್ತು?" ಎಂದು ಸಿಡುಕಿದಳು. ಮುಂದಿನ ವರ್ಷದ ಪ್ರವಾಸವನ್ನು ಹೋಬಾರ್ಟ್ ನಡೆಸಲಿ ಎಂದು ತೀರ್ಮಾನವಾಯಿತು. ಶನಿವಾರದ ಕೆಲಸದಲ್ಲಿ ವರ್ಲೀನ್ ಇರಬಹುದು ಎಂದರು. ಅವಳು ಸರಿ ಎಂದಳು. ಜನವರಿಯಲ್ಲಿ ಕೇಳಿದ್ದು ಅದನ್ನೇ, ಹೀಗೆ ಸಿಗುತ್ತದೆ ಎಂದು ಅಂದುಕೊಂಡಿರಲಿಲ್ಲ ಅಷ್ಟೇ. ಆಮೇಲೆ ಹಳೆಯ ಹಾಜರಿ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು, ಆ ಕಥೆ ಕೇಳಿಸಿಕೊಂಡಿದ್ದ ಮಕ್ಕಳಲ್ಲಿ ವಿಳಾಸ ಸಿಕ್ಕಿದವರಿಗೆಲ್ಲ ಕೈಬರಹದಲ್ಲೇ ಕಾಗದ ಬರೆದಳು. ಮೇ ತಿಂಗಳು ಅದರಲ್ಲೇ ಕಳೆಯಿತು. ಕೆಲವರು ಉತ್ತರ ಬರೆದರು, ಹೆಚ್ಚಿನವರು ಬರೆಯಲಿಲ್ಲ. ಮೊದಲ ಪ್ರವಾಸದಲ್ಲಿ ಪ್ರಶ್ನೆ ಕೇಳಿದ್ದ ಹುಡುಗ ಈಗ ಇಬ್ಬರು ಮಕ್ಕಳ ತಂದೆ. ಅವನು ಒಂದೇ ಸಾಲು ಬರೆದಿದ್ದ: ಆಗ ನನಗೆ ಅದು ಬೇಕಾಗಿತ್ತು, ಆದರೆ ನೀವು ಹಾಗೆ ಮಾಡಬಾರದಿತ್ತು. ಶನೀಸಳಿಂದ ಏನೂ ಬರಲಿಲ್ಲ.

ಜನೀಯಾ ಐದು ಶನಿವಾರ ಬರಲಿಲ್ಲ. ಆರನೆಯ ಶನಿವಾರ ಬಂದಳು. ವರ್ಲೀನಳ ಮೇಜಿಗಲ್ಲ, ಹೋಬಾರ್ಟನ ಮೇಜಿಗೆ ಹೋಗಿ ಕೂತು ಲೆಕ್ಕ ಮಾಡಿದಳು. ವರ್ಲೀನ್ ಕರೆಯಲಿಲ್ಲ. ತನ್ನ ಮೇಜಿನಲ್ಲಿ ಮಾರ್ಕೆಲನಿಗೆ ಕೆಲಸದ ಅರ್ಜಿ ತುಂಬಿಸುತ್ತಿದ್ದಳು. ಎಲ್ಲ ಮುಗಿದು ಕುರ್ಚಿ ಮಡಚುವಾಗ ಹೊರಗೆ ಜೋರು ಮಳೆ. ಜನೀಯಾ ಬಾಗಿಲಲ್ಲಿ ನಿಂತು ಮಳೆಯನ್ನೂ ತನ್ನ ಬಟ್ಟೆಯ ಬೂಟನ್ನೂ ನೋಡಿಕೊಂಡಳು.

"ನಿಮ್ಮ ಕಾರಿದೆಯಾ?" ಎಂದು ಕೇಳಿದಳು, ಮುಖ ತಿರುಗಿಸದೆ.

"ಇದೆ. ಬಾ."

ಕಾರು ಅರ್ಧ ದಾರಿ ಸಾಗಿತು.

"ಅಕ್ಕಂಗೆ ಇನ್ನೂ ಕೋಪ ಇದೆ," ಎಂದಳು ಜನೀಯಾ.

"ಇರ್ಲಿ."

"ನಂಗೂ ಇದೆ."

"ಇರ್ಲಿ ಕಣೆ."

"ಕೋಪ ಇದ್ರೂ ಬರ್ಬಹುದಾ?"

"ಬಾ. ಕೋಪ ತೀರಿಸ್ಕೊಳ್ಳೋಕೆ ಅಲ್ದಿದ್ರೆ ಇನ್ಯಾಕೆ ಬರ್ತೀಯ ಹೇಳು? ನನ್ನ ಮುಖ ನೋಡೋಕಾ?"

ಹುಡುಗಿ ನಗು ತಡೆದುಕೊಂಡು ಕಿಟಕಿಯ ಕಡೆ ತಿರುಗಿಕೊಂಡಳು. ಅವಳ ಮನೆಯ ಮುಂದೆ ಕಾರು ನಿಂತಿತು. ಚೀಲ ತಲೆಯ ಮೇಲೆ ಹಿಡಿದು ಇಳಿದವಳು ಮತ್ತೆ ಬಗ್ಗಿದಳು.

"ಮಂಗಳವಾರಕ್ಕೆ ಲೆಕ್ಕದ ಪರೀಕ್ಷೆ ಇದೆ. ಮಿಸ್ಟರ್ ಹೋಬಾರ್ಟ್ ಹೇಳೋದು ಒಂದೂ ಅರ್ಥ ಆಗಲ್ಲ."

"ಸೋಮವಾರ ಶಾಲೆ ಬಿಟ್ಟ ಮೇಲೆ ನಮ್ಮನೆಗೆ ಬಾ," ಎಂದಳು ವರ್ಲೀನ್. "ಪುಸ್ತಕ ಮರೀಬೇಡ. ಹೋದ ಸಲ ಮರೆತು ಬಂದಿದ್ದೆ."

ಜನೀಯಾ ಬಾಗಿಲು ಹಾಕಿ ಮಳೆಯಲ್ಲಿ ಓಡಿದಳು. ವರ್ಲೀನ್ ಮಂಡಿ ನೀವಿಕೊಂಡು, ಹಿಂದೆ ಬರುವ ವಾಹನ ಇದೆಯೇ ಎಂದು ಕನ್ನಡಿಯಲ್ಲಿ ನೋಡಿ, ಕಾರನ್ನು ನಿಧಾನವಾಗಿ ರಸ್ತೆಗೆ ತಿರುಗಿಸಿದಳು.